ನಾಲ್ಕು ಟ್ರೇಗಳ ಯಜಮಾನ

ಆಫೀಸಿನಲ್ಲಿ ನನಗೆ ಟ್ರೇ ಸಾಹೇಬ ಎಂದು ಅಡ್ಡಹೆಸರು. ಅದು ನನಗೆ ಗೊತ್ತಿಲ್ಲ ಎಂದು ಎಲ್ಲರೂ ತಿಳಿದಿದ್ದರು. ನನಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಹೊಗಳಿಕೆಯಲ್ಲ ಎಂಬುದೊಂದು ಗೊತ್ತಿರಲಿಲ್ಲ, ಅಷ್ಟೇ.

ನಮ್ಮದು ಹೊಸದಾಗಿ ಏನನ್ನೂ ಕಟ್ಟುವ ಕಂಪನಿಯಲ್ಲ. ಬಸ್ ಡಿಪೋಗಳಿಗಾಗಿ ಯಾರೋ ಎಂದೋ ಬರೆದುಕೊಟ್ಟ ಒಂದು ಸಾಫ್ಟ್‌ವೇರ್ ಇದೆ, ಅದನ್ನು ಸಾಯದ ಹಾಗೆ ನೋಡಿಕೊಳ್ಳುವುದು ನಮ್ಮ ಹೊಟ್ಟೆಪಾಡು. ಯಾವ ಡ್ರೈವರು ಯಾವಾಗ ಯಾವ ಬಸ್ಸು ಹತ್ತಬೇಕು, ಇಳಿದ ಮೇಲೆ ಎಷ್ಟು ಹೊತ್ತು ಮನೆಯಲ್ಲಿ ಮಲಗಬೇಕು, ಮತ್ತೆ ಯಾವಾಗ ಬರಬೇಕು, ಇದನ್ನೆಲ್ಲ ಲೆಕ್ಕ ಹಾಕಿ ಅದು ಡ್ಯೂಟಿ ಚಾರ್ಟ್ ತಯಾರಿಸುತ್ತದೆ. ಡಿಪೋದವರಿಗೆ ಏನು ತೊಂದರೆಯಾದರೂ, ಏನು ಆಸೆಯಾದರೂ ನಮಗೆ ಬರೆದು ಕಳಿಸುತ್ತಾರೆ. ಹಾಗೆ ಬಂದದ್ದನ್ನೆಲ್ಲ ಚೀಟಿಗಳಾಗಿ ಮುದ್ರಿಸಿ, ಪ್ರತಿ ಗುರುವಾರ ಸಭೆ ಸೇರಿಸಿ, ಒಂದೊಂದನ್ನೂ ಸರಿಯಾದ ಟ್ರೇಗೆ ಹಾಕುವುದು ನನ್ನ ಕೆಲಸ. ಕಂಪ್ಯೂಟರಿನಲ್ಲೇ ಮಾಡಬಹುದಲ್ಲ ಎಂದು ಕೇಳಿದವರಿಗೆ, ಕೈಯಲ್ಲಿ ಹಿಡಿಯದೆ ಚೀಟಿಯ ತೂಕ ತಿಳಿಯುವುದಿಲ್ಲ ಎಂದು ಗಂಭೀರವಾಗಿ ಉತ್ತರಿಸುತ್ತಿದ್ದೆ.

ಟ್ರೇ ನಾಲ್ಕು. ಕೆಟ್ಟದ್ದನ್ನು ಸರಿಮಾಡುವುದು ರಿಪೇರಿ. ಹೊರಗೆ ಕಾನೂನೋ ಕಂಪ್ಯೂಟರೋ ಬದಲಾದರೆ ಅದಕ್ಕೆ ತಕ್ಕಂತೆ ನಮ್ಮದನ್ನು ಒಗ್ಗಿಸುವುದು ಹೊಂದಿಕೆ. ಕೆಟ್ಟಿಲ್ಲ, ಆದರೂ ಇನ್ನಷ್ಟು ಚೆನ್ನಾಗಿರಲಿ ಎಂದರೆ ಸುಧಾರಣೆ. ಕೆಡುವ ಮುಂಚೆಯೇ ಒಳಗಿನಿಂದ ಗಟ್ಟಿಮಾಡಿಡುವುದು ಮುಂಜಾಗ್ರತೆ. ರಿಪೇರಿ ಟ್ರೇಗೆ ಬಿದ್ದದ್ದು ಆ ವಾರವೇ ಆಗಬೇಕು. ಹೊಂದಿಕೆ ಆ ತಿಂಗಳಲ್ಲಿ. ಸುಧಾರಣೆ ಆ ವರ್ಷದೊಳಗೆ, ಪುಣ್ಯವಿದ್ದರೆ. ಮುಂಜಾಗ್ರತೆಯ ಟ್ರೇಗೆ ಮಾತ್ರ ಏನೂ ಬೀಳುತ್ತಿರಲಿಲ್ಲ, ಇನ್ನೂ ಆಗದೇ ಇರುವ ತೊಂದರೆಯ ಬಗ್ಗೆ ಯಾರು ತಾನೇ ದೂರು ಬರೆಯುತ್ತಾರೆ? ಖಾಲಿ ಯಾಕೆ ಬಿಡಬೇಕು ಎಂದು ಅದರಲ್ಲಿ ನನ್ನ ಕನ್ನಡಕ ಇಡುತ್ತಿದ್ದೆ.

ಒಂದು ಗುರುವಾರ ಡಿಪೋದಿಂದ ಬಂದ ಚೀಟಿ ಹೀಗಿತ್ತು: ಚಾರ್ಟಿನ ಅಕ್ಷರ ಕಾಣುತ್ತಿಲ್ಲ, ದೊಡ್ಡದು ಮಾಡಿ. ನೋಡುವವರಿಗೆ ಇದು ಒಂದು ಸಾಲು. ನನಗೆ ಮಹಾ ಸಮಸ್ಯೆ. ಅಕ್ಷರ ಮೊದಲಿನಿಂದಲೂ ಅಷ್ಟೇ ಚಿಕ್ಕದಾಗಿತ್ತು, ಹಾಗಾಗಿ ಕೆಟ್ಟಿಲ್ಲ, ರಿಪೇರಿಯಲ್ಲ. ಹಾಗಾದರೆ ಸುಧಾರಣೆಯೇ? ಆದರೆ ಅಷ್ಟು ವರ್ಷ ಕಂಡದ್ದು ಈಗ ಕಾಣುತ್ತಿಲ್ಲವೆಂದರೆ ಡ್ರೈವರುಗಳ ಕಣ್ಣು ಮಂಜಾಗಿದೆ, ಕಣ್ಣು ಸಾಫ್ಟ್‌ವೇರಿನ ಹೊರಗಿರುವ ವಸ್ತು, ಹೊರಗಿನದು ಬದಲಾದರೆ ಹೊಂದಿಕೆ! ಬೋರ್ಡಿನ ಮೇಲೆ ಬಾಣ ಬರೆದೂ ಬರೆದೂ ವಿವರಿಸಿದೆ. ಊಟದ ಹೊತ್ತಾಯಿತು. ಆಗ ದೊಡ್ಡಮ್ಮ ತಮ್ಮ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ಅಕ್ಷರ ದೊಡ್ಡದು ಮಾಡಿ ಡಿಪೋಗೆ ಕಳಿಸಿಯೂ ಆಯಿತು, ಚೀಟಿಯನ್ನು ಯಾವುದಕ್ಕೆ ಬೇಕಾದರೂ ಹಾಕಿಕೋ ಎಂದರು. ನಾನು ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದೆ. ಮುಗಿದ ಕೆಲಸಕ್ಕೆ ಯಾವ ಟ್ರೇ ಎಂದು ನಾನು ಆಲೋಚಿಸಿಯೇ ಇರಲಿಲ್ಲ.

ದೊಡ್ಡಮ್ಮ ನನಗೆ ಸಂಬಂಧಿಕರೇನಲ್ಲ. ನಮ್ಮ ತಂಡದ ಹಿರಿಯ ಪ್ರೋಗ್ರಾಮರ್. ಎಲ್ಲರಿಗಿಂತ ದೊಡ್ಡವರು, ಬೈಯುವಾಗ ಮನೆಯವರ ಹಾಗೇ ಬೈಯುತ್ತಾರೆ, ಅದಕ್ಕೇ ಆ ಹೆಸರು. ನಾನು ಹೊಸದಾಗಿ ಸೇರಿದಾಗ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವರು ಅವರೇ. ಅವರ ಜೊತೆಗೆ ಇಬ್ಬರು ಎಂಜಿನಿಯರುಗಳು, ಊಟಕ್ಕೂ ಚಹಾಕ್ಕೂ ರಜಕ್ಕೂ ಒಟ್ಟಿಗೇ ಹೋಗುವುದರಿಂದ ಜೋಡೆತ್ತು. ಆಮೇಲೆ ನಾನು. ಇಷ್ಟೇ ತಂಡ. ನಾನೂ ಒಂದು ಕಾಲಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೆ, ಆದರೆ ವಿಂಗಡಣೆಯ ರುಚಿ ಹತ್ತಿದ ಮೇಲೆ ಬಿಟ್ಟುಬಿಟ್ಟೆ. ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಮಾಡಿದ್ದು ಏನು ಎಂದು ಹೇಳುವವರು ಬೇಕಲ್ಲ!

ಈ ರೋಗ ಮನೆಗೂ ಬಂದಿತ್ತು. ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯೇ ಅವಳ ಕ್ಲಿನಿಕ್ಕು, ನಾನು ಆಫೀಸಿಗೆ ಹೋಗುವುದೇ ಆ ಒರಗು ಕುರ್ಚಿಯ ಪಕ್ಕದಿಂದ. ನನ್ನ ಬಲದವಡೆಯ ಹಲ್ಲೊಂದು ತಣ್ಣೀರು ತಾಗಿದರೆ ಜುಂ ಎನ್ನಲು ಶುರುವಾಗಿ ತಿಂಗಳುಗಳೇ ಆಗಿದ್ದವು. ಬಾಯಿ ತೆಗೀರಿ ನೋಡೋಣ ಎಂದು ಅವಳು ಕರೆದಾಗಲೆಲ್ಲ, ಅಗಿಯೋಕೆ ಆಗ್ತಿದೆ, ಅಂದ್ರೆ ಕೆಟ್ಟಿಲ್ಲ, ಇದು ಸುಧಾರಣೆ, ಈ ವರ್ಷದೊಳಗೆ ನೋಡೋಣ ಎನ್ನುತ್ತಿದ್ದೆ. ಅವಳ ವಿಂಗಡಣೆ ನನ್ನದಕ್ಕಿಂತ ಸರಳ. ಹಲ್ಲಿನ ಡಾಕ್ಟರ ಹತ್ತಿರ ಬರುವವರು ಎರಡೇ ಬಗೆ, ನೋವಾದ ಮೇಲೆ ಬರುವವರು, ನೋವಾಗುವ ಮುಂಚೆ ಬರುವವರು, ಎರಡನೆಯವರನ್ನು ತಾನಿನ್ನೂ ಕಂಡಿಲ್ಲ ಎನ್ನುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎಂದು ಗೊಣಗಿ ಮುಂದಿನ ರೋಗಿಯನ್ನು ಕರೆಯುತ್ತಿದ್ದಳು.

ಹೀಗಿರುವಾಗ ಮ್ಯಾನೇಜರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಹೆಡ್ ಆಫೀಸಿನಿಂದ ಹುಕುಂ ಬಂದಿದೆ, ಈ ತಿಂಗಳ ಕೊನೆಯೊಳಗೆ ತಂಡದಲ್ಲಿ ಒಂದು ಕುರ್ಚಿ ಕಡಿಮೆಯಾಗಬೇಕು ಎಂದರು. ಯಾರನ್ನು ಕಳಿಸುವುದು ಎಂದು ಮುಖ ನೋಡಿ ತೀರ್ಮಾನಿಸುವುದು ಅವರಿಗೆ ಇಷ್ಟವಿಲ್ಲ, ಹಾಗಾಗಿ ವರ್ಷವಿಡೀ ಯಾರು ಯಾವ ಬಗೆಯ ಕೆಲಸ ಎಷ್ಟು ಮಾಡಿದ್ದಾರೆ ಎಂದು ನಾನು ಚಾರ್ಟ್ ಮಾಡಿಕೊಡಬೇಕು, ಕಡಿಮೆ ಇದ್ದವರು ಹೊರಡುತ್ತಾರೆ. ಇನ್ನೊಬ್ಬರಾಗಿದ್ದರೆ ಈ ಕೆಲಸ ಬೇಡವೆನ್ನುತ್ತಿದ್ದರು. ನಾನು ಉಬ್ಬಿಹೋದೆ. ಕೊನೆಗೂ ಟ್ರೇಗಳ ಬೆಲೆ ಒಬ್ಬರಿಗೆ ಗೊತ್ತಾಯಿತಲ್ಲ ಎಂದು ಬಾಗಿಲು ತೆಗೆದು ಹೊರಬಂದೆ.

ಆ ಉಬ್ಬು ಇಳಿದದ್ದು ಚೀಟಿಗಳನ್ನು ಹೆಸರುವಾರು ಜೋಡಿಸಿದ ಮೇಲೆ. ಜೋಡೆತ್ತಿನ ಎರಡು ಕಾಲಂಗಳೂ ತುಂಬಿ ತುಳುಕುತ್ತಿದ್ದವು. ದೊಡ್ಡಮ್ಮನ ಕಾಲಂ ಬಹುಮಟ್ಟಿಗೆ ಖಾಲಿ. ಅವರೇನು ಸುಮ್ಮನೆ ಕೂತವರಲ್ಲ, ಆದರೆ ಅವರು ಮಾಡುವ ಕೆಲಸಕ್ಕೆ ಚೀಟಿಯೇ ಇರುವುದಿಲ್ಲ. ಡ್ರೈವರುಗಳ ನಂಬರಿಗೆ ಸಾಫ್ಟ್‌ವೇರಿನಲ್ಲಿ ಮೂರೇ ಅಂಕಿಗೆ ಜಾಗವಿತ್ತು. ಡಿಪೋದಲ್ಲಿ ಸಾವಿರದನೆಯವನು ಸೇರಿದ ದಿನ ಚಾರ್ಟ್ ಪೂರ್ತಿ ನಿಂತುಹೋಗಬೇಕಿತ್ತು. ಅವನು ಸೇರುವ ಎಷ್ಟೋ ಮೊದಲೇ ಅವರು ಒಳಗೆಲ್ಲ ಹುಡುಕಿ ನಾಲ್ಕನೆಯ ಅಂಕಿಗೆ ಜಾಗ ಮಾಡಿಟ್ಟಿದ್ದರು. ಸಾವಿರದನೆಯ ಡ್ರೈವರು ಬಂದ, ಬಸ್ಸು ಹತ್ತಿದ, ಹೋದ. ಬಸ್ಸು ಬಂತು ಎಂದು ನಮಗೆ ಯಾರೂ ಚೀಟಿ ಬರೆಯಲಿಲ್ಲ.

ನನಗೆ ನಿಜಕ್ಕೂ ಸಂಕಟವಾಯಿತು. ಕೆಲಸ ಕಲಿಸಿದವರನ್ನು ನನ್ನ ಚಾರ್ಟೇ ಹೊರಗೆ ಹಾಕುತ್ತದಲ್ಲ! ನೆಟ್ಟಗೆ ಮ್ಯಾನೇಜರ ಬಳಿಗೆ ಹೋಗಿ ವಿಷಯ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನಾನು ಮಾಡಿದ್ದೇನು? ಮುಂಜಾಗ್ರತೆಯೊಳಗೇ ಒಳಬಗೆಗಳನ್ನು ಸೃಷ್ಟಿಸಿದೆ. ಮುನ್ನೋಟದ ಮುಂಜಾಗ್ರತೆ, ಅನುಮಾನದ ಮುಂಜಾಗ್ರತೆ, ಅಭ್ಯಾಸಬಲದ ಮುಂಜಾಗ್ರತೆ. ಒಂದೊಂದಕ್ಕೂ ಒಂದೊಂದು ಬಣ್ಣ. ದೊಡ್ಡಮ್ಮನ ಕೆಲಸಗಳನ್ನೆಲ್ಲ ನೆನಪು ಮಾಡಿಕೊಂಡು, ಚೀಟಿ ಇಲ್ಲದಿದ್ದರೂ ಬರೆದು, ಅವರ ಕಾಲಂ ತುಂಬಿಸಿದೆ. ಶುಕ್ರವಾರ ಆ ರಂಗುರಂಗಿನ ಹಾಳೆಯನ್ನು ಮ್ಯಾನೇಜರ ಮೇಜಿನ ಮೇಲೆ ಹಾಸಿದಾಗ, ದೊಡ್ಡಮ್ಮನನ್ನು ಕಾಪಾಡಿದ ಪುಣ್ಯಾತ್ಮನ ಮುಖ ಹೊತ್ತು ನಿಂತಿದ್ದೆ.

ಮ್ಯಾನೇಜರು ಮೂರು ಕಾಲಂಗಳನ್ನೂ ನೋಡಿದರು. ಮೂವರಿಗೂ ಭರ್ತಿ ಕೆಲಸ ಇದೆ, ಸಂತೋಷ ಎಂದರು. ಆಮೇಲೆ ಹಾಳೆಯ ಅಂಚಿನವರೆಗೂ ಬೆರಳಾಡಿಸಿ ಕೇಳಿದರು:

"ಇದ್ರಲ್ಲಿ ನಿಮ್ಮ ಬಣ್ಣ ಯಾವ್ದು?"

ನನಗೆ ಕಾಲಂ ಇರಲಿಲ್ಲ. ಮರೆತದ್ದಲ್ಲ, ತೋಚಿಯೇ ಇರಲಿಲ್ಲ. ತಕ್ಕಡಿ ಹಿಡಿದವನು ತನ್ನನ್ನು ತಾನೇ ತೂಗಿಕೊಳ್ಳುತ್ತಾನೆಯೇ?  ಅವರು ನಿಧಾನವಾಗಿ, ಸೋಮವಾರ ಹನ್ನೊಂದಕ್ಕೆ ಎಲ್ಲರನ್ನೂ ಸೇರಿಸುತ್ತೇನೆ, ಅಷ್ಟರೊಳಗೆ ನಿಮ್ಮ ಕಾಲಂ ಸೇರಿಸಿಕೊಂಡು ಬನ್ನಿ, ಕಡಿಮೆ ಇದ್ದವರು ಹೊರಡಬೇಕು ಎಂಬ ಮಾತು ಎಲ್ಲರಿಗೂ ಒಂದೇ ಎಂದರು.

ಶನಿವಾರವೆಲ್ಲ ನಾಲ್ಕು ಟ್ರೇಗಳಲ್ಲೂ ನನ್ನನ್ನು ಹುಡುಕಿದೆ. ನಾನು ಏನನ್ನಾದರೂ ಸರಿಮಾಡಿದ್ದೆನೇ? ಇಲ್ಲ. ಒಗ್ಗಿಸಿದ್ದೆನೇ? ಇಲ್ಲ. ಸುಧಾರಿಸಿದ್ದೆನೇ? ಟ್ರೇಗಳ ಲೇಬಲ್ ಒಮ್ಮೆ ಬದಲಾಯಿಸಿದ್ದೆ. ಹಲ್ಲು ಜುಂ ಎನ್ನುವುದು ಬಿಟ್ಟು ಕುಟ್ಟತೊಡಗಿತು. ಈ ವಯಸ್ಸಿನಲ್ಲಿ ಚೀಟಿ ವಿಂಗಡಿಸುತ್ತೇನೆ ಎಂದು ಇನ್ನಾವ ಬಾಗಿಲು ತಟ್ಟಲಿ? ಭಾನುವಾರದ ಹೊತ್ತಿಗೆ ಹಲ್ಲು, ದವಡೆ, ಕಿವಿ ಎಲ್ಲ ಒಂದೇ ನೋವಾಗಿ, ನೋವಿಗೋ ಹೆದರಿಕೆಗೋ ಬುದ್ಧಿ ಕೆಟ್ಟಿತು. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ನನ್ನದೊಂದು ಕಾಲಂ ಎಳೆದೆ. ದೊಡ್ಡಮ್ಮನ ಮುಂಜಾಗ್ರತೆ ಕೆಲಸಗಳನ್ನು ಒಂದೊಂದಾಗಿ ಅದಕ್ಕೆ ದಾಟಿಸಿದೆ. ನಾನೇ ಮಾಡಿದೆ ಎಂದು ಬರೆಯುವಷ್ಟು ಧೈರ್ಯ ನನಗೆಲ್ಲಿ? ಪ್ರತಿಯೊಂದರ ಮುಂದೆ ಮೇಲ್ವಿಚಾರಣೆ ಎಂದು ಬರೆದೆ.

ಹೆಂಡತಿ ನೀರು ಕುಡಿಯಲು ಬಂದವಳು ಹಾಳೆ ನೋಡಿ, ಇಷ್ಟೊಂದು ಕೆಲಸ ಮಾಡಿದ್ದೀರಾ ಎಂದು ಕೇಳಿದಳು. ನಾನು, ಒಂದರ್ಥದಲ್ಲಿ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ದವಡೆ ಮುಟ್ಟಿಕೊಂಡೆ. ಅವಳು ಹಾಳೆಯನ್ನೂ ನೋಡಿದಳು, ದವಡೆಯನ್ನೂ ನೋಡಿದಳು, ನೀರು ಕುಡಿದು ಹೋದಳು.

ಸೋಮವಾರ ಬೆಳಿಗ್ಗೆ ನಾನಾಗಿಯೇ ಹೋಗಿ ಅವಳ ಕುರ್ಚಿಯಲ್ಲಿ ಒರಗಿದೆ. ಹೆಂಡತಿಯ ಮುಖ ಅಷ್ಟು ಹತ್ತಿರದಿಂದ, ದೀಪದ ಬೆಳಕಿನಲ್ಲಿ ನೋಡಿ ಬಹಳ ಕಾಲವಾಗಿತ್ತು. ಅವಳು ಕನ್ನಡಿ ಕಡ್ಡಿ ಆಡಿಸಿ ನಿಟ್ಟುಸಿರಿಟ್ಟಳು.

"ಆವಾಗ್ಲೇ ಬಂದಿದ್ರೆ ತುಂಬ್ತಿದ್ದೆ ಕಣ್ರೀ. ಉಗುರಲ್ಲಿ ಹೋಗೋದಿತ್ತು, ಈಗ ಕೊಡಲಿ ಬೇಕು. ಕೀಳ್ತೀನಿ."

ಕಿತ್ತಳು. ಆ ಗುಳಿಗೆ ಹತ್ತಿಯ ಉಂಡೆ ಒತ್ತಿಟ್ಟು, ಮಧ್ಯಾಹ್ನದವರೆಗೆ ಕಚ್ಚಿಕೊಂಡಿರಬೇಕು, ಮಾತಾಡಕೂಡದು ಎಂದಳು. ಹಲ್ಲನ್ನು ತಟ್ಟೆಯಲ್ಲಿ ತೋರಿಸಿದಳು. ಹೊರಗೆ ಬೆಳ್ಳಗಿತ್ತು, ಒಳಗೆ ಪೊಳ್ಳು. ಸದ್ಯ, ಅದರ ಬಗ್ಗೆ ಅವಳೇನೂ ಉಪಮೆ ಹೇಳಲಿಲ್ಲ.

ಹೀಗೆ ಅರ್ಧ ಮುಖ ಮರಗಟ್ಟಿ, ಬಾಯಿಗೆ ಬೀಗ ಹಾಕಿಕೊಂಡು, ಹನ್ನೊಂದಕ್ಕೆ ಸಭೆಗೆ ಹೋದೆ. ಹಾಳೆಯನ್ನು ಬೋರ್ಡಿಗೆ ಅಂಟಿಸಿ, ಬಾಯಿ ತೋರಿಸಿ ಕೈಯಾಡಿಸಿದೆ. ಮ್ಯಾನೇಜರಿಗೆ ಅರ್ಥವಾಯಿತು, ಪಾಪ, ಇವರಿಗೆ ಮಾತಾಡುವ ಹಾಗಿಲ್ಲ ಎಂದರು. ಆಮೇಲೆ ತೀರ ಸಹಜವಾಗಿ ದೊಡ್ಡಮ್ಮನ ಕಡೆ ತಿರುಗಿ, ನೀವೇ ಸ್ವಲ್ಪ ಇವರ ಪರವಾಗಿ ಓದಿಬಿಡಿ ಎಂದರು.

ನಾನು ಎದ್ದು ನಿಂತೆ, ಯಾಕೆಂದು ಗೊತ್ತಾಗದೆ ಮತ್ತೆ ಕೂತೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಓದತೊಡಗಿದರು. ಜೋಡೆತ್ತಿನ ರಿಪೇರಿಗಳು, ಹೊಂದಿಕೆಗಳು. ಆಮೇಲೆ ತಮ್ಮ ಕಾಲಂ, ಅದರಲ್ಲಿ ಓದಲು ಹೆಚ್ಚೇನೂ ಇರಲಿಲ್ಲ. ಆಮೇಲೆ ನನ್ನದು. ಡ್ರೈವರ್ ನಂಬರಿಗೆ ನಾಲ್ಕನೆಯ ಅಂಕಿಯ ಜಾಗ ಮಾಡಿದ್ದು ಎಂದು ಓದಿದರು. ಮೇಲ್ವಿಚಾರಣೆ ಎಂದು ಓದಿದರು. ನನ್ನ ಹೆಸರು ಓದಿದರು. ಮುಂದಿನ ಸಾಲಿಗೆ ಹೋದರು. ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳುವ ಹಾಗೆ, ಏರಿಲ್ಲ, ಇಳಿವಿಲ್ಲ, ತಮ್ಮದೇ ಕೆಲಸಗಳನ್ನೆಲ್ಲ ನನ್ನ ಹೆಸರಿನಲ್ಲಿ ಓದಿ ಮುಗಿಸಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬೈದಿದ್ದರೆ ಬಚಾವಾಗುತ್ತಿದ್ದೆ. ನಾನು ಹೊಸಬನಾಗಿದ್ದಾಗ ತಪ್ಪು ಮಾಡಿದರೆ, ನೀನೇ ಕಂಡುಹಿಡಿಯುತ್ತೀಯಾ ಇಲ್ಲ ನಾನೇ ಹೇಳಲಾ ಎಂದು ನೋಡುತ್ತಿದ್ದರಲ್ಲ, ಅದೇ ನೋಟ.

ಮ್ಯಾನೇಜರು, ಶುಕ್ರವಾರ ಇವೆಲ್ಲ ದೊಡ್ಡಮ್ಮನ ಕಾಲಂನಲ್ಲಿ ಕಂಡಿದ್ದವು, ಮಾಡಿಸಿದವರು ಇವರೆಂದು ಈಗ ಗೊತ್ತಾಯಿತು, ಹಾಗಾದರೆ ಕಡಿಮೆ ಇರುವುದು ದೊಡ್ಡಮ್ಮನದ್ದೇ ಎಂದು ಆಗುತ್ತದೆ, ನನಗೆ ಹೇಳಲು ಬೇಜಾರು ಎಂದು ಶುರುಮಾಡಿದರು. ದೊಡ್ಡಮ್ಮ ತಮ್ಮ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದರು, ಚೀಲಕ್ಕೆ ಹಾಕಿಕೊಂಡರು. ಆ ಮುಚ್ಚಳ ತಿರುಗಿಸಿದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಬಾಯಿಂದ ಹತ್ತಿ ಕಿತ್ತು ಅಂಗೈಯಲ್ಲಿ ಹಿಡಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ, ನನ್ನದು ಅಕ್ಷರಶಃ ಆಯಿತು, ಅಂಗಿಯ ಮೇಲೆಲ್ಲ ಕೆಂಪು. ಬೋರ್ಡಿನ ಬಳಿ ಹೋಗಿ ಮಾರ್ಕರಿನಿಂದ ನನ್ನ ಹೆಸರನ್ನು ಹೊಡೆದುಹಾಕಿ ಅವರ ಹೆಸರು ಬರೆದೆ. ಮರಗಟ್ಟಿದ ತುಟಿಯಲ್ಲೇ ಹೇಳಿದೆ:

"ಎಲ್ಲಾ ಅವ್ರದ್ದು. ನಂದು ಏನೂ ಇಲ್ಲ."

ಜೋಡೆತ್ತಿನಲ್ಲಿ ಒಬ್ಬರು ನನಗೆ ಕರವಸ್ತ್ರ ಕೊಟ್ಟರು. ಮ್ಯಾನೇಜರು ಹಾಳೆ ನೋಡಿದರು, ನನ್ನ ಅಂಗಿ ನೋಡಿದರು, ಇದರ ಅರ್ಥ ನಿಮಗೆ ಗೊತ್ತಲ್ಲ ಎಂದು ಕೇಳಿದರು. ಗೊತ್ತು ಎಂದು ತಲೆಯಾಡಿಸಿದೆ. ನಾಲ್ಕರಲ್ಲಿ ಒಂದಕ್ಕೂ ಸೇರದ ಚೀಟಿಯನ್ನು ನಾನೇ ಎಷ್ಟು ಸಲ ಕಸದ ಬುಟ್ಟಿಗೆ ಹಾಕಿರಲಿಲ್ಲ!

ಆಗ ದೊಡ್ಡಮ್ಮ ಮಾತಾಡಿದರು.

"ಕಿತ್ತು ಬಿಸಾಡೋ ಮುಂಚೆ ಒಂದ್ಸಲ ರಿಪೇರಿ ಟ್ರೇಗೆ ಹಾಕಿ ನೋಡಿ ಸಾರ್. ಕೆಟ್ಟಿದಾನೆ ನಿಜ. ಆದ್ರೆ ಪೂರ್ತಿ ಕೆಟ್ಟಿದ್ರೆ ಈಗ ಎದ್ದು ಬರ್ತಿರ್ಲಿಲ್ಲ."

ಆಮೇಲೆ ಅವರು ಹೇಳಿದ್ದರ ಸಾರಾಂಶ ಇಷ್ಟು. ಹೆಡ್ ಆಫೀಸು ಕೇಳಿದ್ದು ಒಂದು ಕುರ್ಚಿ. ವಿಂಗಡಣೆಯ ಕುರ್ಚಿಯನ್ನೇ ಕೊಟ್ಟುಬಿಡಿ, ಬಂದ ಚೀಟಿಯನ್ನು ಓದಿ ಕೆಲಸ ಮಾಡಿದರೆ ಸಾಕು, ಗುರುವಾರವೊಂದು ಉಳಿಯುತ್ತದೆ. ಇವನು ಹಿಂದೆ ಪ್ರೋಗ್ರಾಂ ಬರೆಯುತ್ತಿದ್ದವನು. ಡ್ರೈವರುಗಳ ವಿಶ್ರಾಂತಿಯ ಲೆಕ್ಕ ಹಾಕುವ ಭಾಗ ಆಮೇಲೆ ಇವನೇ ಬರೆದು ಸೇರಿಸಿದ್ದು, ಅದನ್ನು ಮುಟ್ಟಲು ಇವತ್ತಿಗೂ ಎಲ್ಲರೂ ಹೆದರುತ್ತಾರೆ, ತಾನೂ ಹೆದರುತ್ತೇನೆ. ಮುಂದೆ ರಾತ್ರಿ ಬಸ್ಸುಗಳು ಶುರುವಾಗಲಿವೆ, ಅಷ್ಟರೊಳಗೆ ಅದನ್ನು ಶುದ್ಧ ಮಾಡಬೇಕು. ಹೊಸಬರಿಗೆಂದು ಖಾಲಿ ಇರುವ ಜಾಗಕ್ಕೆ ಇವನನ್ನು ಹಾಕಿ, ತನ್ನ ಪಕ್ಕದಲ್ಲಿ ಕೂರಲಿ. ಮ್ಯಾನೇಜರು, ಹೊಸಬರ ದರ್ಜೆಯಲ್ಲಿ, ರಾತ್ರಿ ಬಸ್ಸುಗಳು ನೆಟ್ಟಗೆ ಓಡುವವರೆಗೆ ಪರೀಕ್ಷೆಯ ಮೇಲೆ, ಓಡದಿದ್ದರೆ ಮಾತಿಲ್ಲದೆ ಮನೆಗೆ ಎಂದರು. ಹೂಂ ಎಂದು ತಲೆಯಾಡಿಸಿದೆ.

ಹೊರಗೆ ಬಂದ ಮೇಲೆ ದೊಡ್ಡಮ್ಮನಿಗೆ ಏನಾದರೂ ಹೇಳಬೇಕೆಂದು ಹೋದೆ. ಅವರು ನನ್ನ ಮುಂದೆ ಲ್ಯಾಪ್‌ಟಾಪ್ ತಳ್ಳಿ, "ನೀನೇ ಹೆತ್ತಿದ್ದು, ನೀನೇ ತೊಳಿ ಮಾರಾಯ" ಎಂದರು. ಕ್ಷಮಿಸಿದ್ದೇನೆ ಎಂದು ಅವರು ಅವತ್ತೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ತೊಳೆಯಲು ಕೂತೆ. ಮೊದಲ ದಿನ ಆ ಪ್ರೋಗ್ರಾಂ ಓದಿ, ಯಾವ ಕತ್ತೆ ಬರೆದದ್ದು ಇದು ಎಂದು ಜೋರಾಗಿಯೇ ಬೈದೆ. ಜೋಡೆತ್ತು ಎರಡೂ ಒಟ್ಟಿಗೆ ಕೆಮ್ಮಿದವು. ಮರೆತ ವಿದ್ಯೆ, ಬೆರಳು ಓಡದು. ಎಷ್ಟೋ ವಾರ ತಲೆ ಬಿಸಿ ಮಾಡಿಕೊಂಡ ಮೇಲೆ ಎದೆ ಧಸಕ್ಕೆನ್ನುವ ಜಾಗವೊಂದು ಸಿಕ್ಕಿತು. ಡ್ಯೂಟಿ ನಡುರಾತ್ರಿ ದಾಟಿ ಮುಗಿದರೆ, ತಾರೀಖು ಬದಲಾಯಿತಲ್ಲ, ಅಂದಮೇಲೆ ಇವನು ಒಂದು ದಿನ ಮಲಗಿ ಎದ್ದಿದ್ದಾನೆ ಎಂದು ನನ್ನ ಲೆಕ್ಕ ತಿಳಿದುಕೊಳ್ಳುತ್ತಿತ್ತು. ಇಷ್ಟು ಕಾಲ ಅಷ್ಟು ಹೊತ್ತಿನವರೆಗೆ ಬಸ್ಸುಗಳಿರಲಿಲ್ಲ, ಹಾಗಾಗಿ ಯಾರಿಗೂ ತೊಂದರೆಯಾಗಿರಲಿಲ್ಲ. ರಾತ್ರಿ ಬಸ್ಸು ಬಂದಿದ್ದರೆ, ರಾತ್ರಿಯೆಲ್ಲ ಓಡಿಸಿದವನನ್ನೇ ಬೆಳಿಗ್ಗೆ ಮತ್ತೆ ಸ್ಟೇರಿಂಗಿನ ಮುಂದೆ ಕೂರಿಸುತ್ತಿತ್ತು. ತೂಕಡಿಸುವವನ ಹಿಂದೆ ಬಸ್ಸಿನ ತುಂಬ ಜನ.  ಸರಿಮಾಡಿದೆ, ದೊಡ್ಡಮ್ಮ ನೋಡಿದರು, ಮತ್ತೆ ಮಾಡಿಸಿದರು, ಮತ್ತೆ ನೋಡಿದರು. ಇದು ರಿಪೇರಿಯೋ ಮುಂಜಾಗ್ರತೆಯೋ ಎಂದು ಒಂದು ಕ್ಷಣ ನಾಲಿಗೆ ತುದಿಗೆ ಬಂತು. ನಾಲಿಗೆಯನ್ನು ಹಲ್ಲಿಲ್ಲದ ಜಾಗದಲ್ಲಿ ಒತ್ತಿಟ್ಟುಕೊಂಡೆ.

ರಾತ್ರಿ ಬಸ್ಸುಗಳು ಶುರುವಾದವು. ಆ ವಾರ ಡಿಪೋದಿಂದ ನನ್ನ ಭಾಗದ ಬಗ್ಗೆ ಒಂದು ಚೀಟಿಯೂ ಬರಲಿಲ್ಲ. ಮ್ಯಾನೇಜರು ಕರೆದು, ಇಷ್ಟು ದಿನ ಮಾಡಿದ ಕೆಲಸಕ್ಕೆ ಏನು ತೋರಿಸುತ್ತೀರಿ ಎಂದು ಕೇಳಿದರು. ಬಣ್ಣದ ಹಾಳೆಯಿಲ್ಲದೆ ಅವರ ಮುಂದೆ ನಿಂತದ್ದು ಅದೇ ಮೊದಲು. ಏನೂ ಆಗಲಿಲ್ಲ ಸಾರ್ ಎಂದೆ. ಅವರು ನನ್ನ ಮುಖ ನೋಡಿ, ಹೂಂ, ಏನೂ ಆಗಲಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಸಂತೋಷ, ಉಳಿದ ಹಲ್ಲುಗಳನ್ನು ತೋರಿಸಿ ಎಂದಳು. ನೋವಿಲ್ಲದೆ ಆ ಕುರ್ಚಿ ಹತ್ತಿದ ಮೊದಲ ಗಿರಾಕಿ ನಾನೇ ಅಂತೆ.

ಮಾರನೆಯ ಬೆಳಿಗ್ಗೆ ಆಫೀಸಿಗೆ ಬಸ್ಸು ಹತ್ತಿದಾಗ ತಡೆಯಲಾಗಲಿಲ್ಲ. ಡ್ರೈವರ ಬಳಿ ಬಗ್ಗಿ, ರಾತ್ರಿ ಡ್ಯೂಟಿ ಇತ್ತಾ ಎಂದು ಕೇಳಿದೆ. ಮೊನ್ನೆ ಇತ್ತು ಎಂದ. ಆಮೇಲೆ ನಿದ್ದೆ ಆಯಿತಾ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಕಣ್ಣು ನಿಚ್ಚಳವಾಗಿತ್ತು.

"ಚೆನ್ನಾಗ್ ಮಲಗಿದ್ದೆ. ನಿಮಗ್ಯಾಕ್ರೀ ಅದು? ಒಳಗೆ ಹೋಗಿ, ಬಾಗ್ಲಲ್ಲಿ ನಿಲ್ಬೇಡಿ."

ಒಳಗೆ ಹೋಗಿ ಕೂತೆ. ಪಕ್ಕದ ಸೀಟಿನವರು ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು.